ಕೆಲಸ ಕೇಳುವ ಮಾತು: ಒಂದೇ ಪಾಠ, ಎರಡು ಬಾರಿ

ಮೂರನೇ ಸೆಮಿಸ್ಟರಿನ ಇಂಟರ್ನ್‌ಶಿಪ್ಪಿಗೆ ನನಗೆ ಸಿಕ್ಕಿದ್ದು ತಿಪಟೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಅಲ್ಲಿ ಮಾಡಿದ ಪಾಠಗಳೆಲ್ಲ ಪಾಠಯೋಜನೆಯ ದಾಖಲೆ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಮುಗಿದಿವೆ. ಅವುಗಳ ಬಗ್ಗೆ ಹೊಸದಾಗಿ ಹೇಳುವಂಥದ್ದು ನನ್ನಲ್ಲಿಲ್ಲ. ಇಲ್ಲಿ ಬರೆಯುತ್ತಿರುವುದು ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಒಂದು ಪಾಠದ ಕುರಿತು. ಅದನ್ನು 9ನೇ ತರಗತಿಯ ಎರಡು ವಿಭಾಗಗಳಿಗೆ ಎರಡು ಬಗೆಯಲ್ಲಿ ಮಾಡಿದೆ. ಮೊದಲನೆಯದು ಕೆಟ್ಟಿತು. ವೀಕ್ಷಣಾ ನಮೂನೆಯಲ್ಲಿ ಹೆಚ್ಚು ಅಂಕ ಬಿದ್ದಿರುವುದೂ ಅದಕ್ಕೇ.

ದಸರಾ ರಜೆಗೆ ಇನ್ನು ಮೂರು ವಾರವಿತ್ತು. ‘ಎ’ ವಿಭಾಗದಲ್ಲಿ ಬಹುಪದೋಕ್ತಿಗಳ ಲೆಕ್ಕ ಮುಗಿದು ಐದು ನಿಮಿಷ ಉಳಿದಾಗ, ಹೊತ್ತು ಕಳೆಯಲೆಂದು, ರಜೆಯಲ್ಲಿ ಏನು ಮಾಡುತ್ತೀರಿ ಎಂದು ಕೇಳಿದೆ. 36 ಮಕ್ಕಳಲ್ಲಿ 13 ಮಂದಿ ಕೆಲಸಕ್ಕೆ ಹೋಗುತ್ತೇವೆ ಎಂದರು. ಆಯುಧಪೂಜೆಗೆ ಬೂದುಗುಂಬಳ ಮತ್ತು ಬಾಳೆಕಂದು ಮಾರುವುದು, ಅಡುಗೆ ಕಂಟ್ರಾಕ್ಟರ ಜೊತೆ ಬಡಿಸಲು ಹೋಗುವುದು, ಮೊಬೈಲ್ ಅಂಗಡಿಯಲ್ಲಿ ಕೂರುವುದು, ಹೀಗೆ. ಕಿಟಕಿ ಪಕ್ಕದ ಹುಡುಗನೊಬ್ಬ, “ಕೆಲಸ ಇರುತ್ತೆ ಮಿಸ್. ಹೋಗಿ ಕೇಳಕ್ಕೇ ಒಂಥರಾ ಆಗುತ್ತೆ” ಎಂದ. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಆ ‘ಒಂಥರಾ’ ನನಗೆ ಚೆನ್ನಾಗಿ ಗೊತ್ತು.

ಇದನ್ನೇ ಒಂದು ಪಾಠ ಮಾಡಲೇ ಎಂದು ಮಾರ್ಗದರ್ಶಕ ಶಿಕ್ಷಕರನ್ನು ಕೇಳಿದಾಗ ಅವರು ತಕ್ಷಣ ಒಪ್ಪಲಿಲ್ಲ. “ಈ ವಯಸ್ಸಿಗೆ ದುಡ್ಡಿನ ರುಚಿ ಹತ್ತಿಸಿಬಿಟ್ಟರೆ ಮುಂದಿನ ವರ್ಷ ಹತ್ತನೇ ಕ್ಲಾಸಿಗೆ ಬರೋರು ಯಾರು ಮೇಡಂ?” ಎಂದರು. ಅದು ಬಾಯಿಮಾತಲ್ಲ. ಬಡಿಸಲು ಹೋದವನು ಹಾಗೆಯೇ ಶಾಲೆ ಬಿಟ್ಟದ್ದನ್ನು ಅವರು ಕಂಡಿದ್ದಾರೆ. ನಾನು ಹೇಳಿದ್ದು ಇಷ್ಟೇ: ಈ 13 ಮಂದಿ ಹೇಗೂ ಹೋಗುತ್ತಾರೆ. ಎಷ್ಟು ಹೊತ್ತು ಕೆಲಸ, ಎಷ್ಟು ಕೂಲಿ ಎಂದು ಕೇಳಲು ಬಾರದೆ ಹೋಗುತ್ತಾರೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡೂ ವಿಭಾಗಗಳ ಒಂದೊಂದು ಅವಧಿ ಬಿಟ್ಟುಕೊಟ್ಟರು. ಒಂದು ಷರತ್ತು ಹಾಕಿದರು: 14 ತುಂಬದ ಮಕ್ಕಳೂ ಆ ತರಗತಿಯಲ್ಲಿದ್ದಾರೆ, ಕಾನೂನು ಏನು ಹೇಳುತ್ತದೆ ಎನ್ನುವುದನ್ನು ಮೊದಲು ಹೇಳಬೇಕು.

ನಾಲ್ಕು ಬನ್ನು, ಎರಡು ಹೇರ್‌ಪಿನ್ನು

ಪಾಠದ ಬೇರು ನನ್ನ ಮೊದಲ ಕೆಲಸದಲ್ಲಿದೆ. ಹಾಗಾಗಿ ಅದನ್ನು ಹೇಳಲೇಬೇಕು.

2016ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪ್ರಥಮ ಪಿಯುಸಿ ವಿಜ್ಞಾನಕ್ಕೆ ಸೇರಿದೆ. ಅಲ್ಲಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಪ್ರೌಢಶಾಲೆಯಲ್ಲಿ ಸಾಧಾರಣ ಮಾತಾಡುತ್ತಿದ್ದವಳು ಪಿಯುಸಿಯಲ್ಲಿ ಪೂರಾ ಮೂಕಿಯಾದೆ. ‘ವೇಗೋತ್ಕರ್ಷ’ ಗೊತ್ತಿದ್ದವಳಿಗೆ ‘ಆಕ್ಸಿಲರೇಶನ್’ ಎಂದರೆ ಅದೇ ಎಂದು ತಿಳಿಯಲು ಒಂದು ವಾರ ಹಿಡಿಯಿತು. ತಿಳಿದ ಮೇಲೂ ಬಾಯಿ ಬಿಡಲು ಧೈರ್ಯವಿರಲಿಲ್ಲ. ಒಮ್ಮೆ ಉಪನ್ಯಾಸಕರೊಬ್ಬರು ಎಬ್ಬಿಸಿ ನಿಲ್ಲಿಸಿ, ಉತ್ತರ ಹೇಳುವತನಕ ಕೂರಬೇಡ ಎಂದರು. ಗಂಟೆ ಹೊಡೆಯುವವರೆಗೂ ನಿಂತೇ ಇದ್ದೆ. ಮನೆಯಲ್ಲಿ ನನ್ನನ್ನು ‘ಬಾಯಿಲ್ಲದೋಳು’ ಎನ್ನುತ್ತಿದ್ದರು. ಬಿ.ಎಡ್.ಗೆ ಬಂದ ಮೇಲೆ ಮನೋವಿಜ್ಞಾನದ ಪತ್ರಿಕೆಯಲ್ಲಿ ಅದಕ್ಕೆ ‘ಅಂತರ್ಮುಖಿ’ ಎಂಬ ಗೌರವದ ಹೆಸರು ಸಿಕ್ಕಿತು. ಎರಡೂ ಪೂರ್ತಿ ಸರಿಯಲ್ಲ ಎಂದು ಈಗ ಅನ್ನಿಸುತ್ತದೆ.

ಟ್ಯೂಷನ್ನಿಗೆ ಸೇರಬೇಕಿತ್ತು. ಅಮ್ಮ ಕೊಬ್ಬರಿ ಮಂಡಿಯಲ್ಲಿ ಕೂಲಿ. ಅವಳ ಕೂಲಿಯಲ್ಲಿ ಆ ಫೀಸು ಹೊರಡುವುದು ಸಾಧ್ಯವಿರಲಿಲ್ಲ. ಸಂಜೆ ಹೊತ್ತು ಎಲ್ಲಾದರೂ ಕೆಲಸ ಹುಡುಕುತ್ತೇನೆ ಎಂದೆ. ಹೇಳಿದ್ದು ಸುಲಭ. ಏನು ಕೇಳಬೇಕೆಂದು ಮನೆಯಲ್ಲಿ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದು ಉರು ಹೊಡೆದೆ: “ಮಾನ್ಯರೇ, ನಾನು ಪ್ರಥಮ ಪಿಯುಸಿ ವಿಜ್ಞಾನ ವಿಭಾಗದಲ್ಲಿ ವ್ಯಾಸಂಗ ಮಾಡುತ್ತಿದ್ದು, ತಮ್ಮ ಅಂಗಡಿಯಲ್ಲಿ ಸಂಜೆಯ ವೇಳೆ ಕೆಲಸವಿದ್ದಲ್ಲಿ ದಯಮಾಡಿ ನೀಡಬೇಕಾಗಿ ವಿನಂತಿ.” ನಗಬೇಡಿ. ಶಾಲೆಯಲ್ಲಿ ಕಲಿಸಿದ್ದ ಕೇಳುವ ಮಾದರಿ ಅದೊಂದೇ, ‘ಇಂದ’, ‘ಗೆ’, ‘ವಿಷಯ’ ಎಂದು ಶುರುವಾಗುವ ರಜಾ ಅರ್ಜಿ. ಅದನ್ನು ಬೇಕರಿಯ ಮುಂದೆ ನಿಂತು ಹೇಗೆ ಹೇಳುವುದು? ನಾಲ್ಕು ದಿನ ಒಂದೇ ಬೇಕರಿಗೆ ಹೋದೆ. “ಏನಮ್ಮ ಬೇಕು?” ಎಂದಾಗ ನಾಲ್ಕು ದಿನವೂ ಒಂದೊಂದು ಬನ್ನು ತೆಗೆದುಕೊಂಡು ಬಂದೆ. ಫ್ಯಾನ್ಸಿ ಸ್ಟೋರಿನಲ್ಲಿ ಎರಡು ಹೇರ್‌ಪಿನ್ನು ಕೊಂಡೆ. ಕೆಲಸ ಹುಡುಕಲು ಹೋಗಿ ಕೈಯಲ್ಲಿದ್ದ ದುಡ್ಡೂ ಕರಗಿತು.

ಕೊನೆಗೆ ಕೆಲಸ ಸಿಕ್ಕಿದ್ದು ನಾನು ಕೇಳಿ ಅಲ್ಲ. ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿ ನೋಟು ರದ್ದಾದವಲ್ಲ, ಆ ವಾರ. ಹಳೆಯ ನೋಟು ಬದಲಾಯಿಸಲು ಗುರುತಿನ ಚೀಟಿಯ ನಕಲು ಬೇಕು, ಒಂದು ಚೀಟಿ ತುಂಬಬೇಕು. 12ನೇ ತಾರೀಕು ಎರಡನೇ ಶನಿವಾರವಾದರೂ ಬ್ಯಾಂಕುಗಳು ತೆರೆದಿದ್ದವು. ಅಮ್ಮನ ಆಧಾರ್ ಕಾರ್ಡು ಹಿಡಿದು ಝೆರಾಕ್ಸ್ ಅಂಗಡಿಗೆ ಹೋದರೆ ಜನ ರಸ್ತೆಯವರೆಗೆ ನಿಂತಿದ್ದರು. ನನ್ನ ಸರದಿ ಬರುವಷ್ಟರಲ್ಲಿ ಅಂಗಡಿಯಣ್ಣ ಒಬ್ಬನೇ ಬೆವೆತುಹೋಗಿದ್ದ. “ಮಗಾ, ಓದಕ್ಕೆ ಬರಕ್ಕೆ ಬರುತ್ತಾ? ಸ್ವಲ್ಪ ಈ ಅಜ್ಜಿದು ಬರ್ಕೊಡು” ಎಂದು ಒಂದು ಚೀಟಿ, ಪೆನ್ನು ಮುಂದೆ ಸರಿಸಿದ. ಬರೆದುಕೊಟ್ಟೆ. ಅದರ ಹಿಂದೆ ಇನ್ನೊಬ್ಬರು ಬಂದರು. ಸಂಜೆ ಅಂಗಡಿ ಮುಚ್ಚುವಾಗ “ಸೋಮವಾರ ಕಾಲೇಜು ಬಿಟ್ಟ ಮೇಲೆ ಬಾ” ಎಂದ.

ಆ ದಿನಗಳಲ್ಲಿ ಎಷ್ಟು ಅಪರಿಚಿತರೊಡನೆ ಮಾತಾಡಿದೆನೋ ಲೆಕ್ಕವಿಲ್ಲ. ಹೆಸರೇನು, ಕಾರ್ಡಿನ ನಂಬರು ಯಾವುದು, 500ರದು ಎಷ್ಟು, 1000ದ್ದು ಎಷ್ಟು, ಇಲ್ಲಿ ಸಹಿ ಹಾಕಿ. ಅವೇ ನಾಲ್ಕೈದು ಮಾತು, ಮತ್ತೆ ಮತ್ತೆ. ಒಂದು ಸಲವೂ ನಾಲಿಗೆ ಒಣಗಲಿಲ್ಲ. ನನಗೆ ಧೈರ್ಯ ಬಂದಿತ್ತು ಎಂದು ಹೇಳಲಾರೆ. ಕೇಳುತ್ತಿದ್ದುದು ನಾನಲ್ಲ, ಆ ಚೀಟಿ. ನನ್ನ ಬಾಯಿ ಅದರದ್ದಾಗಿತ್ತು. ಸೋಮವಾರ ಕಾಲೇಜಿಗೆ ಹೋದರೆ ಮತ್ತೆ ಅದೇ ಮೌನ.

ಕೂಲಿಯ ವಿಷಯದಲ್ಲಿ ಮಾತ್ರ ಯಾವ ಚೀಟಿಯೂ ಇರಲಿಲ್ಲ. ಅವನು “ನೋಡಿ ಕೊಡ್ತೀನಿ” ಎಂದಿದ್ದ, ನಾನು ತಲೆಯಾಡಿಸಿದ್ದೆ. ತಿಂಗಳು ತುಂಬಿತು. ಹೊಸ 2000ದ ನೋಟಿಗೆ ಎಲ್ಲೂ ಚಿಲ್ಲರೆ ಸಿಗದ ಕಾಲ. “ಚಿಲ್ಲರೆ ಇಲ್ಲ ಮಗಾ, ಮುಂದಿನ ವಾರ” ಎನ್ನುತ್ತಿದ್ದ. ನಿಜವೂ ಇರಬಹುದು, ನೆಪವೂ ಇರಬಹುದು. ಕೇಳಲು ನನ್ನಿಂದಾಗಲಿಲ್ಲ. ಕೊನೆಗೊಂದು ದಿನ ಅವನ ಬಿಲ್ ಪುಸ್ತಕದ ಹಾಳೆಯಲ್ಲಿ ಬರೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟು ನಿಂತೆ: “12-11ರಿಂದ 10-12ರವರೆಗೆ, 24 ದಿನ. ಸಂಜೆ 4.30ರಿಂದ 7.45. ದಿನಕ್ಕೆ ಎಷ್ಟು?” ಓದಿ ನಕ್ಕ. “ಬರೆಯಕ್ಕೆ ಬರುತ್ತೆ, ಕೇಳಕ್ಕೆ ಬರಲ್ವಾ?” ಎಂದು ದಿನಕ್ಕೆ 40 ರೂಪಾಯಿ ಎಂದ. 900 ರೂಪಾಯಿ ನೂರರ ನೋಟುಗಳಲ್ಲಿ ಕೊಟ್ಟ. ಉಳಿದ 60 ರೂಪಾಯಿಯನ್ನು ನನ್ನ ಲ್ಯಾಬ್ ರೆಕಾರ್ಡಿನ ಝೆರಾಕ್ಸಿಗೆ ಮುರಿದುಕೊಂಡ. ಹೆಚ್ಚೋ ಕಡಿಮೆಯೋ, ಆ ಹಾಳೆ ಇಡದೆ ಹೋಗಿದ್ದರೆ ಅದೂ ಬರುತ್ತಿರಲಿಲ್ಲ.

‘ಎ’ ವಿಭಾಗ: ಕೆಟ್ಟ ಪಾಠ

ಇಷ್ಟೆಲ್ಲ ಅನುಭವವಿದ್ದವಳು ‘ಎ’ ವಿಭಾಗಕ್ಕೆ ಮಾಡಿದ ಯೋಜನೆ ನೋಡಿದರೆ ಈಗ ನನಗೇ ಆಶ್ಚರ್ಯವಾಗುತ್ತದೆ. ಪಾತ್ರಾಭಿನಯ ಇಟ್ಟುಕೊಂಡೆ. ಕರಿಹಲಗೆಯ ಮುಂದೆ ಮೇಜು ಎಳೆದು ಅದನ್ನು ಅಂಗಡಿ ಮಾಡಿದೆ. ಒಬ್ಬ ಮಾಲೀಕ, ಒಬ್ಬ ಕೆಲಸ ಕೇಳಲು ಬಂದವನು. ವೀಕ್ಷಣೆಗೆ ಕಾಲೇಜಿನಿಂದ ಉಪನ್ಯಾಸಕರು ಬರುವವರಿದ್ದರು. ತರಗತಿ ಲವಲವಿಕೆಯಿಂದ ಕಾಣಬೇಕು ಎಂಬ ಆಸೆಯೂ ಇತ್ತೆಂದು ಒಪ್ಪಿಕೊಳ್ಳಬೇಕು.

ಲವಲವಿಕೆಗೆ ಕೊರತೆಯಾಗಲಿಲ್ಲ. ಮೊದಲು ಬಂದ ಇಬ್ಬರು ಹುಡುಗರು ಸಿನಿಮಾದ ಧಾಟಿಯಲ್ಲಿ ಅಭಿನಯಿಸಿದರು, ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ, ಮಾತಾಡದವರಿಗೂ ಅವಕಾಶ ಸಿಗಲಿ ಎಂದು, ಹಿಂದಿನ ಬೆಂಚಿನ ಒಬ್ಬ ಹುಡುಗಿಯನ್ನು ಕರೆದೆ. ಅವಳು ಬಂದಳು. ಮೇಜಿನ ಅಂಚು ಹಿಡಿದು ನಿಂತಳು. ಮಾಲೀಕನ ಪಾತ್ರದ ಹುಡುಗ “ಏನಮ್ಮಾ, ಬಾಯಲ್ಲಿ ಏನಿಟ್ಕೊಂಡಿದೀಯ?” ಎಂದ. ಮತ್ತೆ ನಗು. ನಾನು “ಹೇಳು, ಧೈರ್ಯವಾಗಿ ಹೇಳು” ಎಂದೆ. ಒಂದು ಸಲವಲ್ಲ, ಮೂರು ಸಲ. ಅವಳು ನೆಲ ನೋಡುತ್ತಿದ್ದಳು. ಕೊನೆಗೆ ನಾನೇ ಕಳಿಸಿದೆ. ಮರುದಿನ ಅವಳು ಶಾಲೆಗೆ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ನಮೂನೆಯಲ್ಲಿ ‘ವಿದ್ಯಾರ್ಥಿಗಳ ಭಾಗವಹಿಸುವಿಕೆ’ಯ ಮುಂದೆ ‘ಉತ್ತಮ’ ಎಂದಿತ್ತು. ಹಿಂದೆ ಕುಳಿತು ವೀಕ್ಷಿಸಿದ ನನ್ನ ಸಹಪ್ರಶಿಕ್ಷಣಾರ್ಥಿ ಮಾತ್ರ ಬೇರೆ ಲೆಕ್ಕ ಇಟ್ಟಿದ್ದಳು: 36ರಲ್ಲಿ ಮಾತಾಡಿದವರು 9 ಮಂದಿ, 40 ನಿಮಿಷದಲ್ಲಿ ನಾನೇ ಮಾತಾಡಿದ್ದು 21 ನಿಮಿಷ. ಕೊನೆಯಲ್ಲಿ ಒಂದು ಸಾಲು: “ಆ ಹುಡುಗಿಗೆ ಹೇಳಲು ನೀನು ಯಾವ ಮಾತನ್ನೂ ಕೊಟ್ಟಿರಲಿಲ್ಲ.” ಪಿಯುಸಿಯಲ್ಲಿ ನನ್ನನ್ನು ನಿಲ್ಲಿಸಿದವರ ಜಾಗದಲ್ಲಿ ಒಂಬತ್ತು ವರ್ಷದ ಮೇಲೆ ನಾನೇ ನಿಂತಿದ್ದೆ. ದನಿ ಮಾತ್ರ ಮೃದುವಾಗಿತ್ತು.

‘ಬಿ’ ವಿಭಾಗ: ಚೀಟಿಗಳು

ಸೂಕ್ಷ್ಮ ಬೋಧನೆಯಲ್ಲಿ ಮರುಯೋಜನೆ, ಮರುಬೋಧನೆ ಎಂದು ಓದುತ್ತೇವೆ. ಸಾಮಾನ್ಯವಾಗಿ ಆ ಎರಡು ಹಂತಗಳನ್ನು ದಾಖಲೆ ಪುಸ್ತಕದಲ್ಲಿ ಬರೆದು ಮುಗಿಸುವುದೇ ರೂಢಿ. ಈ ಸಲ ನಿಜವಾಗಿಯೂ ಕೂತು ತಿದ್ದಿದೆ. ಮೇಜು, ಅಂಗಡಿ, ಅಭಿನಯ ಎಲ್ಲ ಹೋಯಿತು. ಯಾರನ್ನೂ ಮುಂದೆ ಕರೆಯುವುದಿಲ್ಲ ಎಂದು ಪಾಠದ ಮೊದಲ ವಾಕ್ಯದಲ್ಲೇ ಹೇಳಿದೆ. ಹಲವು ಭುಜಗಳು ಇಳಿದದ್ದು ಕಣ್ಣಿಗೆ ಕಂಡಿತು.

ಕಾನೂನು ಮೊದಲು ಬಂತು. ಬಾಲ ಮತ್ತು ಕಿಶೋರಾವಸ್ಥೆ ಕಾರ್ಮಿಕ (ನಿಷೇಧ ಮತ್ತು ನಿಯಂತ್ರಣ) ಕಾಯ್ದೆ 1986ರದು, 2016ರಲ್ಲಿ ತಿದ್ದುಪಡಿಯಾಯಿತು. 14 ತುಂಬದವರನ್ನು ಯಾರೂ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮನೆಯವರ ಅಪಾಯವಿಲ್ಲದ ಕಸುಬಿಗೆ ನೆರವಾಗಬಹುದು, ಬಾಲ ಕಲಾವಿದರ ಮಾತು ಬೇರೆ. 14ರಿಂದ 18ರೊಳಗಿನವರನ್ನು ಗಣಿ, ಸ್ಫೋಟಕಗಳು, ಬೇಗ ಹೊತ್ತಿಕೊಳ್ಳುವ ವಸ್ತುಗಳಂಥ ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಬೇರೆ ಕಡೆ ಕೆಲಸ ಮಾಡಿದರೂ ಒಂದೇ ಸಮ 3 ಗಂಟೆ ಮೀರಬಾರದು, ನಡುವೆ ಕನಿಷ್ಠ 1 ಗಂಟೆ ಬಿಡುವು, ಬಿಡುವು ಮತ್ತು ಕಾಯುವ ಹೊತ್ತು ಸೇರಿ ದಿನಕ್ಕೆ 6 ಗಂಟೆ, ವಾರಕ್ಕೊಂದು ರಜೆ. ಸಂಜೆ 7ರಿಂದ ಬೆಳಗ್ಗೆ 8ರವರೆಗೆ ಕೆಲಸವೇ ಇಲ್ಲ. ಇದನ್ನು ಹಲಗೆಯ ಮೇಲೆ ಬರೆಯುವಾಗ ನನ್ನ 7.45 ನೆನಪಾಯಿತು. ಮಕ್ಕಳಿಗೂ ಹೇಳಿದೆ. “ಹಂಗಾದ್ರೆ ಮಿಸ್, ನಿಮ್ಮಂಗಡಿಯವ್ರು ತಪ್ಪು ಮಾಡಿದ್ರಾ?” ಎಂದು ಒಬ್ಬಳು ಕೇಳಿದಳು. ಹೌದು ಎಂದೆ. ನನಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲವೇನೋ.

ನಂತರ ಪ್ರತಿಯೊಬ್ಬರಿಗೂ ಅಂಗೈಯಗಲದ ಚೀಟಿ ಕೊಟ್ಟೆ. ಒಂದು ಬದಿಯಲ್ಲಿ, ತನಗೆ ಏನು ಮಾಡಲು ಬರುತ್ತದೆ ಎಂದು ಬರೆಯಬೇಕು. ಇನ್ನೊಂದು ಬದಿಯಲ್ಲಿ, ಕೆಲಸ ಕೇಳುವ ಒಂದೇ ಮಾತು. ಹತ್ತು ಪದ ಮೀರಬಾರದು, ಪುಸ್ತಕದ ಭಾಷೆ ಇರಬಾರದು, ಮನೆಯಲ್ಲಿ ಆಡುವ ಹಾಗೆ ಇರಬೇಕು. ನನ್ನ ‘ಮಾನ್ಯರೇ’ ವಾಕ್ಯವನ್ನು ಓದಿ ತೋರಿಸಿದೆ, ಚೆನ್ನಾಗಿ ನಕ್ಕರು. ಈ ನಗು ನನ್ನ ಮೇಲೆ ಬಿದ್ದದ್ದರಿಂದ ತೊಂದರೆಯಿರಲಿಲ್ಲ. ಬಂದ ಮಾತುಗಳು ನಾನು ಬರೆಸಿದ್ದರೆ ಬರುತ್ತಿರಲಿಲ್ಲ. “ಅಣ್ಣಾ, ರಜದಲ್ಲಿ ಬರ್ಲಾ? ಲೆಕ್ಕ ಚೆನ್ನಾಗಿ ಬರುತ್ತೆ.” “ಅಕ್ಕಾ, ಕಟ್ಟಕ್ಕೆ ಕೊಡೋಕೆ ಯಾರಾದ್ರೂ ಬೇಕಾ?” ಒಬ್ಬ ಬರೆದದ್ದು “ಸಾಮಾನು ಹೊರ್ತೀನಿ” ಎಂದು ಎರಡೇ ಪದ. ಅದೂ ಸಾಕು.

ಆ ಮಾತನ್ನು ಪಕ್ಕದಲ್ಲಿ ಕುಳಿತವರಿಗೆ ಹೇಳಬೇಕು, ಎದುರುಬದುರಾಗಿ ಅಲ್ಲ. ಭುಜಕ್ಕೆ ಭುಜ ತಾಗಿ ಕುಳಿತು, ಕಣ್ಣು ಚೀಟಿಯ ಮೇಲಿಟ್ಟೇ ಹೇಳಬಹುದು. ಕೇಳಿಸಿಕೊಂಡವರು ತಕ್ಷಣ ಉತ್ತರ ಕೊಡದೆ ಮನಸ್ಸಿನಲ್ಲಿ ಮೂರು ಎಣಿಸಬೇಕು. ಈ ಮೂರರ ಎಣಿಕೆ ನನ್ನ ಸ್ವಂತದ್ದಲ್ಲ. ಶಿಕ್ಷಕರು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರೂ ಮಾತಾಡುತ್ತಾರೆ ಎಂದು ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳನ್ನು ಕೇಳಿ ತೋರಿಸಿದ್ದು. ಪ್ರಶ್ನಿಸುವ ಕೌಶಲದ ಪಾಠದಲ್ಲಿ ನಾವೆಲ್ಲ ಇದನ್ನು ಓದಿ ಅಂಕ ಪಡೆದವರೇ. ‘ಎ’ ವಿಭಾಗದಲ್ಲಿ ಆ ಹುಡುಗಿಯ ಮುಂದೆ ಮೂರು ಸಲ “ಹೇಳು” ಎಂದದ್ದು ಸುಮಾರು ಐದು ಸೆಕೆಂಡಿನಲ್ಲಿ.

ಎರಡನೇ ಚೀಟಿ ಕೆಲಸ ಸಿಕ್ಕ ಮೇಲಿನದು. ಏನು ಕೆಲಸ, ಎಷ್ಟರಿಂದ ಎಷ್ಟರವರೆಗೆ, ದಿನಕ್ಕೆ ಎಷ್ಟು, ಯಾವತ್ತು ಕೊಡುತ್ತಾರೆ. ಇದನ್ನು ಬಾಯಲ್ಲಿ ಕೇಳಲಾಗದಿದ್ದರೆ ಬರೆದು ತೋರಿಸಿ ಎಂದೆ. ಹಾಗೆ ಮಾಡಿದರೆ ಅವಮಾನವಲ್ಲವೇ ಎಂದು ಯಾರೂ ಕೇಳಲಿಲ್ಲ. ಮೂರನೆಯದು ‘ಬರಲ್ಲ’ ಎನ್ನುವ ಮಾತು. ಅದಕ್ಕೆ ಸಮಯ ಉಳಿಯಲಿಲ್ಲ. ಅದನ್ನೇ ಮೊದಲು ಮಾಡಬೇಕಿತ್ತು ಎಂದು ಅಂದೇ ಸಂಜೆ ಗೊತ್ತಾಯಿತು.

ಆರು ಸಮಾರಂಭಗಳ ದುಡ್ಡು

ಚೀಟಿಗಳನ್ನು ಸಂಗ್ರಹಿಸಿ ಸಿಬ್ಬಂದಿ ಕೊಠಡಿಯಲ್ಲಿ ಓದುತ್ತಿದ್ದೆ. ಒಂದರ ಮೇಲೆ, ಕೆಲಸ ಕೇಳುವ ಮಾತಿನ ಜಾಗದಲ್ಲಿ, ಹೀಗಿತ್ತು: “ಹೋದ ವರ್ಷ ಆರು ಫಂಕ್ಷನ್‌ಗೆ ಬಡಿಸಿದೀನಿ. ಇನ್ನೂ ದುಡ್ಡು ಕೊಟ್ಟಿಲ್ಲ. ಅದನ್ನ ಹೆಂಗೆ ಕೇಳೋದು ಮಿಸ್.” ಬರೆದವನು ತರಗತಿಯಲ್ಲಿ ತೀರ ತಗ್ಗಿದ ದನಿಯ ಹುಡುಗ. ಹಾಜರಿ ಪುಸ್ತಕದಲ್ಲಿ ಹುಟ್ಟಿದ ದಿನಾಂಕ ನೋಡಿದೆ. ಬಡಿಸಲು ಹೋದಾಗ ಅವನಿಗೆ 13 ವರ್ಷ.

ನನ್ನ ಪಾಠದ ವ್ಯಾಪ್ತಿ ಅಲ್ಲಿಗೆ ಮುಗಿಯಿತು. ಕೂಲಿ ಕೇಳುವುದು ಹೇಗೆ ಎಂದು 13ರ ಹುಡುಗನಿಗೆ ಹತ್ತು ಪದದ ವಾಕ್ಯ ಕಲಿಸಿ ಕಂಟ್ರಾಕ್ಟರ ಬಳಿಗೆ ಕಳಿಸುವುದು ನನ್ನ ತಪ್ಪನ್ನು ಇನ್ನೊಂದು ರೂಪದಲ್ಲಿ ಮಾಡಿದಂತೆ. ಮಾರ್ಗದರ್ಶಕ ಶಿಕ್ಷಕರಿಗೆ ಚೀಟಿ ತೋರಿಸಿದೆ. ಅವರು ಮುಖ್ಯಶಿಕ್ಷಕರ ಬಳಿ ಕರೆದೊಯ್ದರು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವ ಮಾತೂ ಬಂತು. ಮೊದಲು ಹುಡುಗನ ತಂದೆಯನ್ನು ಕರೆಸಿದರು. ತಂದೆಗೆ ಮಗ ಹೋಗಿದ್ದು ಗೊತ್ತು, ದುಡ್ಡು ಬಾರದ್ದು ಗೊತ್ತಿರಲಿಲ್ಲ. ಅವನು ತಂದೆಗೂ ಹೇಳಿರಲಿಲ್ಲ. ದೊಡ್ಡವರು ಹೋಗಿ ಕೇಳಿದ ಮೇಲೆ ಸ್ವಲ್ಪ ಹಣ ಬಂತು, ಪೂರ್ತಿಯಲ್ಲ. ಹುಡುಗನನ್ನು ಇನ್ನು ಕರೆಯುವುದಿಲ್ಲ ಎಂದು ಕಂಟ್ರಾಕ್ಟರ ಒಪ್ಪಿಕೊಂಡನಂತೆ. ಹುಡುಗನಿಗೆ ಅದು ಸಂತೋಷವೋ ದುಃಖವೋ ನನಗೆ ಅವನ ಮುಖದಲ್ಲಿ ಓದಲಾಗಲಿಲ್ಲ. “ಬಿರಿಯಾನಿ ಚೆನ್ನಾಗಿರ್ತಿತ್ತು ಮಿಸ್” ಎಂದಷ್ಟೇ ಹೇಳಿದ.

ಅಂದಿನಿಂದ ಮಾರ್ಗದರ್ಶಕ ಶಿಕ್ಷಕರು ನನ್ನ ಪಾಠವನ್ನು ವಿರೋಧಿಸಲಿಲ್ಲ. ಒಪ್ಪಿದರು ಎಂದೂ ಹೇಳಲಾರೆ.

‘ಎ’ ವಿಭಾಗದ ಹುಡುಗಿ ಮೂರನೇ ದಿನ ಬಂದಳು. ಕ್ಷಮೆ ಕೇಳಬೇಕಿತ್ತು. ಊಟದ ಬಿಡುವಿನಲ್ಲಿ ಅವಳ ಪಕ್ಕ ಕುಳಿತು, ಅವತ್ತು ನಾನು ಕರೆದದ್ದು ತಪ್ಪು ಎಂದೆ. ಖಾಲಿ ಚೀಟಿಯೊಂದನ್ನು ಕೊಟ್ಟು, ಬೇಕಾದರೆ ಬರೆ, ಬೇಡದಿದ್ದರೆ ಬೇಡ ಎಂದು ಎದ್ದು ಬಂದೆ. ಮರುದಿನ ನನ್ನ ಗಣಿತದ ಪುಸ್ತಕದೊಳಗೆ ಚೀಟಿ ಇತ್ತು. “ನಾನು ಅತ್ತೆ ಜೊತೆ ಹೂವಿನ ಅಂಗಡಿಲಿ ಕೂತ್ಕೋತೀನಿ ಮಿಸ್. ಅಲ್ಲಿ ಮಾತಾಡ್ತೀನಿ. ಕ್ಲಾಸಲ್ಲಿ ಮಾತ್ರ ಆಗಲ್ಲ.”

ಅದನ್ನು ಎಷ್ಟು ಸಲ ಓದಿದೆನೋ. ಕೆಲಸ ಕೇಳುವ ಧೈರ್ಯ ಕಲಿಸುತ್ತೇನೆಂದು ಯಾರನ್ನು ಎಬ್ಬಿಸಿ ನಿಲ್ಲಿಸಿದ್ದೆನೋ ಅವಳು ಆಗಲೇ ಕೆಲಸ ಮಾಡುತ್ತಿದ್ದವಳು, ದಿನವೂ ಅಪರಿಚಿತರೊಡನೆ ಚೌಕಾಸಿ ಮಾಡುವವಳು. ಝೆರಾಕ್ಸ್ ಅಂಗಡಿಯಲ್ಲಿ ಮಾತಾಡಿ ಕಾಲೇಜಿನಲ್ಲಿ ಮೂಕಿಯಾಗಿದ್ದ ನನಗೆ ಇದು ಹೊಳೆಯಬೇಕಿತ್ತು. ನಾಚಿಕೆ ಅವಳ ಸ್ವಭಾವದಲ್ಲಿದೆ ಎಂದುಕೊಂಡಿದ್ದೆ. ಅದು ನನ್ನ ತರಗತಿಯಲ್ಲಿತ್ತು. ಉಳಿದ ವಾರಗಳಲ್ಲಿ ಗಣಿತದ ಉತ್ತರಗಳನ್ನು ಚೀಟಿಯಲ್ಲಿ ಬರೆಸಿ, ಬೆಂಚಿನ ಪಕ್ಕದವರಿಂದ ಓದಿಸುವ ಕ್ರಮ ಮಾಡಿದೆ. ಅವಳ ಉತ್ತರಗಳು ಹೆಚ್ಚಾಗಿ ಸರಿಯಿರುತ್ತಿದ್ದವು. ಬಾಯಲ್ಲಿ ಹೇಳಿದ್ದು ಒಂದೇ ಒಂದು ಸಲ, ಅದೂ ಪಕ್ಕದವಳು ತಪ್ಪು ಓದಿದಾಗ ತಿದ್ದಲು.

ಆಯುಧಪೂಜೆಯ ಮುನ್ನಾದಿನ ತಿಪಟೂರಿನ ಬಸ್ ನಿಲ್ದಾಣದ ಹತ್ತಿರ ಹೂವಿನ ಸಾಲಿನಲ್ಲಿ ಹೋಗುತ್ತಿದ್ದೆ. ಜನ ತುಂಬಿದ್ದರು. “ಮಾರು ಎಂಬತ್ತು, ಇಳ್ಸಲ್ಲ ಅಜ್ಜಿ, ಬೆಳಗ್ಗೆ ಬಂದ್ರೆ ನೂರಾಗುತ್ತೆ!” ಎಂಬ ದನಿ ಕೇಳಿ ತಿರುಗಿದೆ. ಸೇವಂತಿಗೆಯ ರಾಶಿಯ ಹಿಂದೆ ಅವಳು, ಮೊಣಕೈಯಿಂದ ಹೂವು ಅಳೆಯುತ್ತಿದ್ದಳು. ನನ್ನನ್ನು ಕಂಡದ್ದೇ ದನಿ ಒಮ್ಮೆ ನಿಂತಿತು. ನಾನು ಮೂರು ಎಣಿಸಿದೆ.

“ಎಷ್ಟು ಮಾರು ಮಿಸ್?” ಎಂದಳು.

ಎರಡು ಎಂದೆ. ಒಂದು ರೂಪಾಯಿಯನ್ನೂ ಬಿಡಲಿಲ್ಲ.